ಎಟ್ಟಿ ಬನ್ನೂ ಗೋಡೆಯಾಚೆಯ ಕನ್ನಡವೂ

ಬನ್ನನ್ನು ನಾನು ಪೂರ್ತಿ ಕತ್ತರಿಸುವುದಿಲ್ಲ. ಚೂರಿ ಹಾಕಿ ಮುಕ್ಕಾಲು ಸುತ್ತು ಬಿಡಿಸಿ, ಉಳಿದದ್ದನ್ನು ಹಾಗೇ ಅಂಟಿಕೊಂಡಿರಲು ಬಿಡುತ್ತೇನೆ. ಬೆಂದ ಮರುವಾಯಿ ಚಿಪ್ಪು ಬಾಯಿ ತೆರೆದ ಹಾಗೆ ಅದು ತೆರೆದುಕೊಳ್ಳಬೇಕು, ಎರಡು ಹೋಳಾಗಬಾರದು. ಮೊಮ್ಮಗಳು ಇದನ್ನು ನೋಡಿ ನೋಡಿ, "ಅಜ್ಜಿ, ನಿಮ್ಮ ಚೂರಿಗೆ ಧೈರ್ಯ ಸಾಲ್ದು" ಅಂತಾಳೆ. ಇರಬಹುದು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಾ ಸಾವಿರಾರು ಸಂಧಿಗಳನ್ನು ದಯೆದಾಕ್ಷಿಣ್ಯ ಇಲ್ಲದೆ ಬಿಡಿಸಿ ಎಸೆದವಳಿಗೆ ಒಂದು ಬನ್ನನ್ನು ಬಿಡಿಸಲಿಕ್ಕೆ ಕೈ ಬರುವುದಿಲ್ಲ ಎಂದರೆ ನಗುವ ವಿಷಯವೇ.

ಈ ಅಭ್ಯಾಸ ಎಲ್ಲಿಂದ ಬಂತು ಎಂದು ನೆನಪು ಮಾಡಿಕೊಳ್ಳುವ ಪ್ರಸಂಗ ಮೊನ್ನೆ ಬಂತು. ನಾನೀಗ ಇರುವುದು ಶಕ್ತಿನಗರದಲ್ಲಿ. ವಾಮಂಜೂರಿನ ಕಡೆಯ ಒಂದು ಕಾಲೇಜಿನಿಂದ ಇಬ್ಬರು ಮಕ್ಕಳು ಮನೆಗೆ ಬಂದಿದ್ದರು. ಒಬ್ಬಳು ತುಳು ಮನೆಯ ಹುಡುಗಿ, ಇನ್ನೊಬ್ಬ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹುಡುಗ. ಮಂಗಳೂರಿನ ಹಳೆಯ ತಿಂಡಿಗಳ ಬಗ್ಗೆ ಏನೋ ಬರೆಯಬೇಕಂತೆ. ಹಂಪನಕಟ್ಟೆಯಲ್ಲಿ ನನ್ನ ಸೋದರಮಾವನ ಹೋಟೆಲು ಇತ್ತು, ಅಲ್ಲಿ ಬ್ರೆಡ್ಡಿನೊಳಗೆ ಒಣ ಸೀಗಡಿ ಚಟ್ನಿ ತುಂಬಿಸಿ ಕೊಡುತ್ತಿದ್ದರು ಎಂದು ಯಾರೋ ಅವರಿಗೆ ಹೇಳಿದ್ದರು.

"ಮೇಡಂ, ಅದರ ನಿಜವಾದ ಹೆಸರು ಎಂತ?" ಎಂದು ಹುಡುಗಿ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅವಳೇ, "ಎಟ್ಟಿ ಬನ್ನ್ ಅಲ್ವಾ? ನಮ್ಮ ಅಜ್ಜ ಹಾಗೇ ಹೇಳ್ತಿದ್ದರು" ಅಂದಳು. ಎಟ್ಟಿ ಎಂದರೆ ತುಳುವಿನಲ್ಲಿ ಸೀಗಡಿ. ಹುಡುಗ ಕುರ್ಚಿಯಲ್ಲಿ ಮುಂದೆ ಬಂದು, "ಅಲ್ಲ ಮಾರಾಯ್ತಿ, ಅದು ಸುಂಗ್ಟಾಂ ಉಂಡೊ. ಸುಂಗ್ಟಾಂ ಅಂದ್ರೆ ಸೀಗಡಿ, ಉಂಡೊ ಅಂದ್ರೇ ನಮ್ಮ ಬ್ರೆಡ್ಡು" ಅಂದ. ಮತ್ತೆ ಇಬ್ಬರೂ ನನ್ನ ಮುಖ ನೋಡಿದರು. ತಮಾಷೆಗೆ ಅಂದದ್ದೇ. ಆದರೂ ನನಗೆ ನಗು ಬರಲಿಲ್ಲ. ಇದೇ ಎರಡು ಹೆಸರು, ಇದೇ ಎರಡು ಧ್ವನಿ, ಇದನ್ನು ನಾನು ಒಮ್ಮೆ ಕೇಳಿದ್ದೆ, ಅದರ ಬೆಲೆಯನ್ನೂ ನೋಡಿದ್ದೆ. ಮಕ್ಕಳಿಗೆ ಚಹಾ ಕೊಟ್ಟು, ನೆನಪಾದರೆ ಹೇಳ್ತೇನೆ ಎಂದು ಕಳಿಸಿಬಿಟ್ಟೆ. ಅವರಿಗೆ ಹೇಳದ್ದನ್ನು ನಿಮಗೆ ಹೇಳ್ತೇನೆ, ಕುಳಿತುಕೊಳ್ಳಿ.

ನಾವು ಆಗ ಇದ್ದದ್ದು ಹಂಪನಕಟ್ಟೆಯ ಹಿಂದಿನ ಒಂದು ಇಳಿಜಾರಿನ ಓಣಿಯಲ್ಲಿ. ನನ್ನ ಅಪ್ಪ ಬೊಂಬಾಯಿಯ ಹೋಟೆಲೊಂದರಲ್ಲಿ ಇದ್ದರು, ಮಳೆಗಾಲಕ್ಕೆ ಮುಂಚೆ ಒಮ್ಮೆ ಊರಿಗೆ ಬಂದು ಮುಖ ತೋರಿಸಿ ಹೋಗುತ್ತಿದ್ದರು. ಅಮ್ಮ ಕಲ್ಯಾಣಿ ನನ್ನನ್ನು ಇಟ್ಟುಕೊಂಡು ಅಣ್ಣನ ಮನೆಯಲ್ಲೇ ಇದ್ದಳು. ನಮ್ಮ ಬಂಟರಲ್ಲಿ ಅದು ಹೆಚ್ಚುಗಾರಿಕೆಯೂ ಅಲ್ಲ, ಕಡಿಮೆಯೂ ಅಲ್ಲ, ತಾಯಿ ಕಡೆಯ ಮನೆಯೇ ಮನೆ. ಮಾವ ಮಹಾಬಲ ಶೆಟ್ಟರು ರಸ್ತೆಯ ಬದಿಗೆ ಹೋಟೆಲು ಇಟ್ಟಿದ್ದರು. ದೊಡ್ಡ ಗಂಟಲಿನ ಮನುಷ್ಯ. ಯೋಚನೆ ಮಾಡಿದ ಮೇಲೆ ಮಾತಾಡುವ ಅಭ್ಯಾಸ ಅವರಿಗೆ ಇರಲಿಲ್ಲ, ಮಾತಾಡಿದ ಮೇಲೆ ಯೋಚನೆ ಮಾಡುವುದಿತ್ತು.

ನಮ್ಮ ಹಿತ್ತಲಿಗೂ ಪಕ್ಕದ ಹಿತ್ತಲಿಗೂ ನಡುವೆ ಸೊಂಟದೆತ್ತರದ ಒಂದು ಕೆಂಪು ಮುರಕಲ್ಲಿನ ಗೋಡೆ. ಆಚೆ ಮೊಂತಿನ್ ಬಾಯಿಯ ಮನೆ. ಅವರ ಗಂಡ ಲಾದ್ರು ಪೊರ್ಬು ಹಿಟ್ಟು ನಾದುವವರು, ಮಾತಿಲ್ಲದ ಮನುಷ್ಯ. ಒಲೆಯೂ ವ್ಯವಹಾರವೂ ಮೊಂತಿನ್ ಬಾಯಿಯದ್ದು. ಅವರ ಬ್ರೆಡ್ಡಿನ ಒಲೆ ಗೋಡೆಯ ಆ ಬದಿಗೆ, ಅಮ್ಮನ ಅರೆಯುವ ಕಲ್ಲು ಈ ಬದಿಗೆ. ಗೋಡೆಯಲ್ಲಿ ಒಂದು ಕಲ್ಲು ಯಾವುದೋ ಮಳೆಗೆ ಬಿದ್ದುಹೋಗಿ ಸಣ್ಣ ಕಂಡಿಯಾಗಿತ್ತು. ಅದನ್ನು ಸರಿ ಮಾಡಿಸಬೇಕೆಂದು ಎರಡು ಮನೆಯವರೂ ಹೇಳುತ್ತಿದ್ದರು, ಯಾರೂ ಮಾಡಿಸಲಿಲ್ಲ. ಮಾಡಿಸಿದ್ದರೆ ಬೆಂಕಿಕೆಂಡ, ಬೇವಿನೆಲೆ, ಮೀನಿನ ಪಾಲು, ಅಳುವ ಮಕ್ಕಳು, ಇದೆಲ್ಲ ರಸ್ತೆಗೆ ಹೋಗಿ ಸುತ್ತಿ ಬರಬೇಕಿತ್ತು.

ಅಳುವ ಮಕ್ಕಳು ಎಂದೆನಲ್ಲ, ಅದರಲ್ಲಿ ನಾನೂ ಒಬ್ಬಳು, ಮೊಂತಿನ್ ಬಾಯಿಯ ಮಗಳು ಲಿಲ್ಲಿ ಇನ್ನೊಬ್ಬಳು. ನಾವು ಒಂದೇ ಮಳೆಗಾಲದಲ್ಲಿ ಹುಟ್ಟಿದವರು. ಹೆತ್ತ ಮೇಲೆ ಮೊಂತಿನ್ ಬಾಯಿಗೆ ವಿಷಮಜ್ವರ ಬಂದು, ಬದುಕುವುದೇ ಕಷ್ಟ ಅಂತಾಯಿತಂತೆ. ಆಗ ಲಾದ್ರು ಪೊರ್ಬು ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕಂಡಿಯ ಹತ್ತಿರ ಬಂದು ನಿಂತರಂತೆ. ಅಮ್ಮ ಕೈ ಚಾಚಿ ತೆಗೆದುಕೊಂಡಳು. ಲಿಲ್ಲಿ ಬದುಕಿದ್ದು ನನ್ನ ಪಾಲಿನ ಹಾಲಿನಲ್ಲಿ. ನಾನು ಇಷ್ಟು ಸಣಕಲಾಗಿರುವುದು ಅದರಿಂದಲೇ ಎಂದು ನಾನೂ, ಅವಳು ಅಷ್ಟು ಜಗಳಗಂಟಿಯಾದದ್ದು ಬಂಟರ ಹಾಲು ಕುಡಿದೇ ಎಂದು ಅವಳ ಬಂಧುಗಳೂ ಹೇಳುವುದಿತ್ತು.

ಅಮ್ಮ ಮತ್ತು ಮೊಂತಿನ್ ಬಾಯಿ ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಮೊಂತಿನ್ ಬಾಯಿಗೆ ಮನೆಯೊಳಗೆ ಕೊಂಕಣಿ, ಗೋಡೆಯ ಹತ್ತಿರ ತುಳು, ಇಗರ್ಜಿಯಲ್ಲಿ ಪಾದ್ರಿಯವರ ಲ್ಯಾಟಿನ್. ಕನ್ನಡವೂ ಇತ್ತು. ಸಿಸ್ಟರುಗಳ ಶಾಲೆಯಲ್ಲಿ ಒಬ್ಬ ಮುದುಕ ಮೇಷ್ಟ್ರು ಕಲಿಸಿದ ಕನ್ನಡ, ಇಸ್ತ್ರಿ ಹಾಕಿದ ಹಾಗೆ ಇತ್ತು ಅದು. ಆದರೆ ಅದನ್ನು ಹೊರಗೆ ತೆಗೆಯುವುದು ತಾಲೂಕು ಕಚೇರಿಗೆ ಹೋಗುವಾಗ ಮಾತ್ರ. ಅಮ್ಮನಿಗೆ ಕೊಂಕಣಿ ಅರ್ಥವಾಗುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಒಂದು ಶಬ್ದ ಆಡಿದ್ದನ್ನು ನಾವು ಕೇಳಿರಲಿಲ್ಲ.

ಇನ್ನು ಆ ತಿಂಡಿ ಹುಟ್ಟಿದ್ದು ಹೇಗೆ ಎಂದರೆ, ಅದನ್ನು ಯಾರೂ ಹುಟ್ಟಿಸಲಿಲ್ಲ, ಹಸಿವು ಹುಟ್ಟಿಸಿತು. ಮಧ್ಯಾಹ್ನ ಮೂರು ಗಂಟೆಗೆ ಮೊಂತಿನ್ ಬಾಯಿಯ ಒಲೆಯಿಂದ ಬಿಸಿ ಬ್ರೆಡ್ಡು ಹೊರಗೆ ಬರುವ ಹೊತ್ತಿಗೆ ಅಮ್ಮ ಚಟ್ನಿ ಅರೆದು ಮುಗಿಸುತ್ತಿದ್ದಳು. ಒಣ ಸೀಗಡಿ ಹುರಿದು, ಕೆಂಪು ಮೆಣಸು, ತೆಂಗಿನಕಾಯಿ, ಹುಣಿಸೆ ಸೇರಿಸಿ ತರಿತರಿಯಾಗಿ ಅರೆದ ಚಟ್ನಿ. ಶಾಲೆಯಿಂದ ಬಂದ ನನಗೂ ಲಿಲ್ಲಿಗೂ ಒಂದು ಬದಿಯ ಬ್ರೆಡ್ಡಿಗೆ ಇನ್ನೊಂದು ಬದಿಯ ಚಟ್ನಿ ತುಂಬಿಸಿ ಕೊಡುತ್ತಿದ್ದರು. ಪೂರ್ತಿ ಕತ್ತರಿಸಿದರೆ ಮಕ್ಕಳು ಚಟ್ನಿ ನೆಕ್ಕಿ ಬ್ರೆಡ್ಡು ಕೋಳಿಗೆ ಹಾಕುತ್ತಾರೆ ಎಂದು ಮೊಂತಿನ್ ಬಾಯಿ ಒಂದು ಬದಿ ಅಂಟಿಸಿಯೇ ಬಿಡುತ್ತಿದ್ದರು. ನನ್ನ ಅಭ್ಯಾಸ ಅಲ್ಲಿಂದ ಬಂದದ್ದು. ಮಾವ ಒಂದು ದಿನ ಅದನ್ನು ಕಚ್ಚಿ ನೋಡಿ, "ಇದು ಹೋಟೆಲಿನಲ್ಲಿ ನಡೀತದೆ" ಅಂದರು. ನಡೆಯಿತು.

ಆ ಬ್ರೆಡ್ಡಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಿಕ್ಕಾಗುವುದಿಲ್ಲ. ಮೇಲೆ ಗಟ್ಟಿ, ಒಳಗೆ ಸಣ್ಣ ಹುಳಿ. ಹಿಂದೆಲ್ಲ ಹಿಟ್ಟು ಉಬ್ಬಿಸಲು ಕಳ್ಳು ಹಾಕುತ್ತಿದ್ದರು. ಆಗ ಪಾನನಿಷೇಧದ ಕಾಲ, ಬ್ರೆಡ್ಡು ಕುಡಿಯುವ ಕಳ್ಳೂ ಸರಕಾರದ ಲೆಕ್ಕದಲ್ಲಿ ಅಪರಾಧವೇ. ಮೊಂತಿನ್ ಬಾಯಿ ಹಿಂದಿನ ದಿನದ ಹಿಟ್ಟಿನಲ್ಲಿ ಒಂದು ಉಂಡೆ ತೆಗೆದಿಟ್ಟು ಅದರಿಂದ ಮರುದಿನದ್ದನ್ನು ಹುಳಿ ಬರಿಸುತ್ತಿದ್ದರು. ಒಲೆಯ ಕಾವಿಗೆ ಅವರ ಮನೆಯಲ್ಲಿ ಅದು ಕೆಡುತ್ತದೆ. ಹಾಗಾಗಿ ಹುಳಿಹಿಟ್ಟಿನ ಮಡಕೆ ಇರುತ್ತಿದ್ದದ್ದು ನಮ್ಮ ಬಚ್ಚಲ ಪಕ್ಕದ ತಂಪು ಮೂಲೆಯಲ್ಲಿ. ಊರಿಡೀ ತಿನ್ನುತ್ತಿದ್ದ ಕ್ರಿಶ್ಚಿಯನರ ಬ್ರೆಡ್ಡು ರಾತ್ರಿ ನಿದ್ದೆ ಮಾಡುತ್ತಿದ್ದದ್ದು ಶೆಟ್ಟರ ಮನೆಯಲ್ಲಿ, ನೋಡಿ.

ಹೋಟೆಲಿನಲ್ಲಿ ತುಳುವಿನವರು ಎಟ್ಟಿ ಬನ್ನ್ ಕೇಳುತ್ತಿದ್ದರು. ಕೊಂಕಣಿಯವರು ಸುಂಗ್ಟಾಂ ಉಂಡೊ ಕೇಳುತ್ತಿದ್ದರು. ಬ್ಯಾರಿ ಮಾತಾಡುವ ಮುಸ್ಲಿಂ ಗಿರಾಕಿಗಳು ಬೆರಳು ತೋರಿಸಿ "ಅದೊಂದು" ಎನ್ನುತ್ತಿದ್ದರು. ಎಲ್ಲರಿಗೂ ಬರುತ್ತಿದ್ದದ್ದು ಒಂದೇ. ಬೆರಳು ತೋರಿಸಿದವರೇ ನಮ್ಮಲ್ಲಿ ಬುದ್ಧಿವಂತರು ಎಂದು ಈಗ ಅನಿಸುತ್ತದೆ.

ಆಮೇಲೆ ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿತು. ಶಾಲೆಯಲ್ಲಿ ಮಿಠಾಯಿ ಕೊಟ್ಟರು. ಕನ್ನಡ ರಾಜ್ಯ ಬಂತು ಎಂದು ಮಾವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮನೆಯಲ್ಲಿ ತುಳು ಬಿಟ್ಟು ಬೇರೆ ಮಾತಿಲ್ಲದ ಮನುಷ್ಯ ಹೋಟೆಲಿಗೆ ದೊಡ್ಡ ಕನ್ನಡ ಬೋರ್ಡು ಬರೆಸಲು ಹೊರಟರು. ತಿಂಡಿಗಳ ಹೆಸರೂ ಅದರಲ್ಲಿ ಬರಬೇಕು. ಇಡ್ಲಿ, ಪೋಡಿ, ಬನ್ಸು ಎಲ್ಲ ಸುಲಭ. ಇದಕ್ಕೆ ಎಂತ ಬರೆಯುವುದು? ಎರಡು ಹೆಸರು ಬರೆಯಲಿಕ್ಕೆ ಜಾಗವಿಲ್ಲ ಎಂದ ಬೋರ್ಡು ಬರೆಯುವವನು.

ಮಾವ ನನ್ನ ಶಾಲೆಯ ಪಂಡಿತರನ್ನು ಕೇಳಿದರು. ಅವರು ಮೀನಿನ ಅಂಗಡಿ ಕಂಡರೆ ರಸ್ತೆಯ ಆ ಬದಿಗೆ ಹೋಗುವವರು. ಆದರೂ ಕನ್ನಡದ ಕೆಲಸ ಎಂದು ಎರಡು ದಿನ ಯೋಚಿಸಿ, 'ಶುಷ್ಕಸೀಗಡಿಗರ್ಭಿತ ರೊಟ್ಟಿಕೆ' ಎಂದು ಕಾಗದದಲ್ಲಿ ಬರೆದುಕೊಟ್ಟರು. ನನಗಂತೂ ಅದು ಬಹಳ ಇಷ್ಟವಾಯಿತು. ಕನ್ನಡದ ಹುಚ್ಚು ಹಿಡಿದ ಹುಡುಗಿಗೆ ಹೆಸರು ಉದ್ದವಾದಷ್ಟೂ ಚೆಂದ. ಅಮ್ಮ ಮಾತ್ರ, "ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಬ್ರೆಡ್ಡು ಆರಿ ಹೋಗ್ತದೆ" ಅಂದಳು.

ನಗುವುದು ಅಲ್ಲಿಗೆ ಮುಗಿಯಿತು. ಬೋರ್ಡಿನ ಸುದ್ದಿ ಗಿರಾಕಿಗಳಿಗೆ ಹತ್ತಿತು. ದಿನಾ ಒಂದೇ ಬೆಂಚಿನಲ್ಲಿ ಕುಳಿತು ಚಹಾ ಕುಡಿಯುತ್ತಿದ್ದವರು ಎದುರುಬದುರು ಕೂರಲು ಶುರು ಮಾಡಿದರು. ಆಗ ಊರಿನಲ್ಲಿ ಗಾಳಿಯೂ ಹಾಗೇ ಇತ್ತು. ಯಾವುದು ಯಾವ ರಾಜ್ಯಕ್ಕೆ, ಯಾರ ಭಾಷೆಗೆ ಎಷ್ಟು ಮರ್ಯಾದೆ ಎಂದು ಎಲ್ಲರ ಬಾಯಲ್ಲೂ ಅದೇ. ರಾಜ್ಯದ ಗಡಿ ನಮ್ಮ ಕೈಯಲ್ಲಿರಲಿಲ್ಲ. ಬ್ರೆಡ್ಡು ಕೈಯಲ್ಲಿತ್ತು.

ಒಂದು ಸಂಜೆ ಮಾತು ಮೇಲೇರಿತು. ಒಬ್ಬ ಕೊಂಕಣಿ ತರುಣ, "ಬ್ರೆಡ್ಡು ನಾವು ಈ ಊರಿಗೆ ತಾರದಿದ್ರೆ ನೀವು ಚಟ್ನಿಯನ್ನು ಅಂಗೈಯಲ್ಲಿ ನೆಕ್ಕಬೇಕಿತ್ತು" ಅಂದ. ಗಲ್ಲಾಪೆಟ್ಟಿಗೆಯ ಹತ್ತಿರ ಕುಳಿತಿದ್ದ ಮಾವ ಎದ್ದು ನಿಂತರು. "ನಿನ್ನೆ ಗೋವೆಯಿಂದ ಗಂಟು ಕಟ್ಟಿಕೊಂಡು ಬಂದವರು ಇವತ್ತು ನಮ್ಮ ಊರಿನ ತಿಂಡಿಗೆ ಹೆಸರಿಡ್ಲಿಕ್ಕೆ ಬಂದ್ರಾ?" ಅಂದರು. ಆ ನಿನ್ನೆ ಎನ್ನುವುದು ಕೆಲವು ನೂರು ವರ್ಷದ ಹಿಂದಿನ ನಿನ್ನೆ. ಅಷ್ಟು ಕಾಲ ಇಲ್ಲಿಯ ಮಣ್ಣು ತಿಂದು, ಇಲ್ಲಿಯ ಮಣ್ಣಿಗೇ ಹೋದವರನ್ನು ಒಂದೇ ಮಾತಿನಲ್ಲಿ ಬಂದರಿನ ದಕ್ಕೆಗೆ ಕರೆದುಕೊಂಡು ಹೋಗಿ ದೋಣಿ ಹತ್ತಿಸಿದರು ನಮ್ಮ ಮಾವ.

ಹಿಂಬಾಗಿಲಿನಲ್ಲಿ ಮೊಂತಿನ್ ಬಾಯಿ ನಿಂತಿದ್ದರು, ತಲೆಯ ಮೇಲೆ ಸಂಜೆಯ ಬ್ರೆಡ್ಡಿನ ಬುಟ್ಟಿ. ಅಡುಗೆಮನೆಯಲ್ಲಿ ಅಮ್ಮನ ಪಕ್ಕ ಕುಳಿತಿದ್ದ ನಾನು ಅವರ ಮುಖ ನೋಡಿದೆ. ಬುಟ್ಟಿಯನ್ನು ಮೆಲ್ಲಗೆ ಇಳಿಸಿದರು, ಬ್ರೆಡ್ಡುಗಳ ಮೇಲಿನ ಬಿಳಿ ಬಟ್ಟೆಯನ್ನು ಸರಿ ಮಾಡಿದರು. ಆಮೇಲೆ ಒಳಗೆ ಬಂದು ಮಾವನ ಎದುರು ನಿಂತು ಕನ್ನಡದಲ್ಲಿ ಹೇಳಿದರು. "ಶೆಟ್ಟರೇ, ನಾಳೆಯಿಂದ ರೊಟ್ಟಿ ಕಳುಹಿಸಲಾಗುವುದಿಲ್ಲ. ತಾವು ದಯವಿಟ್ಟು ಬೇರೆ ಏರ್ಪಾಡು ಮಾಡಿಕೊಳ್ಳಬೇಕು."

ಅಂಥ ಶುದ್ಧ ಕನ್ನಡವನ್ನು ನಮ್ಮ ಹೋಟೆಲು ಅದಕ್ಕೆ ಮೊದಲು ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಅಮ್ಮ ಕಂಡಿಯ ಹತ್ತಿರ ಹೋದಳು. ಅಣ್ಣನ ಬಾಯಿ ಹಾಗೆ, ಮನಸ್ಸು ಹಾಗಲ್ಲ ಎಂದು ಹೇಳುವುದಿತ್ತು ಅವಳಿಗೆ. ರಾತ್ರಿಯಿಡೀ ಅದನ್ನೇ ಜೋಡಿಸಿಕೊಂಡಿದ್ದಳು ಎಂದು ಕಾಣುತ್ತದೆ. "ಮೊಂತಿನ್ ಬಾಯಿ" ಎಂದು ಕರೆದು ತುಳುವಿನಲ್ಲಿ ಶುರು ಮಾಡಿದಳು. ಒಲೆಯ ಹತ್ತಿರ ಇದ್ದ ಮೊಂತಿನ್ ಬಾಯಿ ತಿರುಗಿ, "ನಮಸ್ಕಾರ. ತಮಗೆ ಏನಾದರೂ ಬೇಕಾಗಿತ್ತೆ?" ಎಂದರು. ಅಮ್ಮ ಗೋಡೆಯ ಮೇಲಿನ ಪಾಚಿಯನ್ನು ಉಗುರಿನಲ್ಲಿ ಕೆರೆದಳು. ಮತ್ತೆ ತನಗಿದ್ದ ಶಾಲೆಯ ಕನ್ನಡದಲ್ಲಿ, "ಏನೂ ಬೇಡ" ಎಂದಳು. ಮಧ್ಯಾಹ್ನ ಲಿಲ್ಲಿ ಬಂದು ಹುಳಿಹಿಟ್ಟಿನ ಮಡಕೆ ತೆಗೆದುಕೊಂಡು ಹೋದಳು. ನನ್ನ ಮುಖ ನೋಡಲಿಲ್ಲ, ನಾನೂ ಅವಳ ಮುಖ ನೋಡಲಿಲ್ಲ.

ಇದು ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ಕನ್ನಡದಲ್ಲಿ ಮಾತಾಡಿದರೆ ಎಂತ ಆಯಿತು ಎಂದು ನೀವು ಕೇಳಬಹುದು. ನಮ್ಮ ಊರಿನಲ್ಲಿ ಇಬ್ಬರ ನಡುವೆ ಒಮ್ಮೆ ಒಂದು ಭಾಷೆ ಕೂತಿತು ಎಂದರೆ ಮುಗಿಯಿತು, ಸಾಯುವ ತನಕ ಅದೇ. ಕನ್ನಡ ನಮಗೆ ಮನೆಯ ಜಗಲಿ ಇದ್ದ ಹಾಗೆ. ಯಾರು ಬಂದರೂ ಅಲ್ಲಿ ಕೂರಿಸುತ್ತೇವೆ, ಬೆಲ್ಲ ನೀರು ಕೊಡುತ್ತೇವೆ, ಮರ್ಯಾದೆಗೆ ಕಮ್ಮಿ ಮಾಡುವುದಿಲ್ಲ. ಜಗಲಿ ಇಲ್ಲದಿದ್ದರೆ ನಾಲ್ಕು ಭಾಷೆಯ ಈ ಊರಿನವರು ಒಬ್ಬರನ್ನೊಬ್ಬರು ಕಾಣುವುದಾದರೂ ಎಲ್ಲಿ? ಆದರೆ ಅಡುಗೆಮನೆಯ ತನಕ ಬರುತ್ತಿದ್ದವಳನ್ನು ಒಂದು ದಿನ ಜಗಲಿಯಲ್ಲಿ ಕೂರಿಸಿದರೆ ಅವಳು ಎಂತ ತಿಳಿದುಕೊಳ್ಳಬೇಕು? ಅಮ್ಮ ಹಾಗೆಯೇ ತಿಳಿದುಕೊಂಡಳು.

ಎಷ್ಟೋ ವರ್ಷಗಳ ಮೇಲೆ, ಅಮ್ಮ ಹೋದ ನಂತರ, ಮೊಂತಿನ್ ಬಾಯಿ ಆ ಬೆಳಗಿನ ಬಗ್ಗೆ ನನಗೆ ಹೇಳಿದರು. "ತುಳುವಿನಲ್ಲಿ ಬಾಯಿ ತೆರೆದಿದ್ರೆ ಅಳು ಬರ್ತಿತ್ತು ಸುಮತಿ. ಕನ್ನಡದಲ್ಲಿ ಅಳ್ಲಿಕ್ಕೆ ನಮಗೆ ಯಾರೂ ಕಲಿಸ್ಲಿಲ್ಲ ಅಲ್ವಾ." ನಾನು ಕಲಿಸಿದ ಕನ್ನಡವೂ ಅಷ್ಟೇ ಎಂದು ನನಗೆ ಆಗ ಹೊಳೆಯಿತು.

ಬೋರ್ಡು ಬಂತು. 'ಸೀಗಡಿ ರೊಟ್ಟಿ' ಎಂದು ಚಂದದ ಅಕ್ಷರದಲ್ಲಿ ಬರೆಸಿದ್ದರು. ಆ ಹೆಸರಿನಿಂದ ಅದನ್ನು ಯಾರೂ ಕೇಳಲಿಲ್ಲ. ಬ್ರೆಡ್ಡು ಬೇರೆ ಕಡೆಯಿಂದ ಬಂತು, ಸಿಹಿ, ಮೆತ್ತಗೆ. ಚಟ್ನಿಯ ಎಣ್ಣೆ ತಾಗಿದ ಕೂಡಲೇ ಒದ್ದೆಯಾಗಿ ಕೈಯಲ್ಲೇ ಎರಡಾಗುತ್ತಿತ್ತು. ಮಾವ ಅಂಥ ಮಾತಾಡಿದ ಮೇಲೆ ಕ್ರಿಶ್ಚಿಯನ್ ಗಿರಾಕಿಗಳು ಬಿಟ್ಟರು, ಇಂಥ ಬ್ರೆಡ್ಡು ಕೊಟ್ಟ ಮೇಲೆ ತುಳುವಿನವರೂ ಬಿಟ್ಟರು. ಹೆಸರಿಗೆ ಜಗಳ ಮಾಡಿದ ಎರಡು ಕಡೆಯವರಿಗೂ ಹೆಸರು ಮಾತ್ರ ಉಳಿಯಿತು.

ಗೋಡೆಯ ಹತ್ತಿರ ಕನ್ನಡ ನಡೆಯುತ್ತಿತ್ತು. "ಚೆನ್ನಾಗಿದ್ದೀರಾ?" "ದೇವರ ದಯೆಯಿಂದ ಚೆನ್ನಾಗಿದ್ದೇವೆ." "ಮಗಳ ಪರೀಕ್ಷೆ ಮುಗಿಯಿತೇ?" "ಮುಗಿಯಿತು." ಮೊದಮೊದಲು ನನಗೆ ಒಳಗೊಳಗೇ ಖುಷಿ. ಪಾಠದ ಪುಸ್ತಕದ ಹೆಂಗಸರ ಹಾಗೆ ಅಮ್ಮ ಮಾತಾಡುತ್ತಾಳಲ್ಲ ಎಂದು. ಒಮ್ಮೆ ಅವಳ ಕ್ರಿಯಾಪದವನ್ನು ತಿದ್ದಿದ್ದೂ ಉಂಟು. ಅವಳು ಸಿಟ್ಟು ಮಾಡಲಿಲ್ಲ, ತಿದ್ದಿಕೊಂಡಳು. ಕ್ರಮೇಣ ನನ್ನ ಖುಷಿ ಆರಿತು. ಮೊದಲು ಅವಳು ಗೋಡೆಯ ಹತ್ತಿರ ಹೋದರೆ ಸಾರು ಒಲೆಯಲ್ಲಿ ಸೀದು ಹೋಗುತ್ತಿತ್ತು. ಈಗ ಸಾರು ಕುದಿಯುವ ಮೊದಲೇ ಬಂದುಬಿಡುತ್ತಿದ್ದಳು. ಬಂದು, ಮಾಡಲಿಕ್ಕೆ ಕೆಲಸವಿಲ್ಲದವಳ ಹಾಗೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಬೊಂಬಾಯಿಯ ಗಂಡನ ಬಗ್ಗೆ, ಅಣ್ಣನ ಗಂಟಲಿನ ಬಗ್ಗೆ, ಮೊಣಕಾಲಿನ ನೋವಿನ ಬಗ್ಗೆ ಅವಳು ಯಾರ ಹತ್ತಿರ ಹೇಳಬೇಕು? ಇಂಥದ್ದನ್ನೆಲ್ಲ ಅವಳು ಇಟ್ಟುಕೊಂಡಿದ್ದದ್ದು ತುಳುವಿನಲ್ಲಿ, ಒಬ್ಬಳೇ ಒಬ್ಬಳಿಗಾಗಿ.

ಕ್ರಿಸ್ಮಸ್ಸಿಗೆ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ ತಟ್ಟೆ ತಪ್ಪದೆ ಬರುತ್ತಿತ್ತು. ನೇವ್ರಿ, ಕಿಡಿಯೊ, ಎಳ್ಳುಂಡೆ, ಮೇಲೆ ಕಸೂತಿಯ ಬಟ್ಟೆ. ತರುವುದು ಲಿಲ್ಲಿ. ತಟ್ಟೆ ಖಾಲಿ ಹಿಂದೆ ಹೋಗಬಾರದು, ಅಮ್ಮ ಅದರಲ್ಲಿ ಸಕ್ಕರೆಯೋ ಬಾಳೆಹಣ್ಣೋ ಇಟ್ಟು ಕಳಿಸುತ್ತಿದ್ದಳು, ತೆಗೆದುಕೊಂಡು ಹೋಗುವುದು ನಾನು. ನಾನೂ ಲಿಲ್ಲಿಯೂ ಆಗಲೇ ರಾಜಿಯಾಗಿದ್ದೆವು. ಮಕ್ಕಳ ಜಗಳಕ್ಕೆ ಅಷ್ಟು ಬಾಳಿಕೆ ಇಲ್ಲ.

ಮಾವ ಕಾಯಿಲೆ ಬಿದ್ದರು. ಆ ಕಾಲದಲ್ಲಿ ಬ್ರೆಡ್ಡು ಎಂದರೆ ರೋಗಿಯ ಊಟ. ಡಾಕ್ಟರರು ಹಾಲು ಬ್ರೆಡ್ಡು ಎಂದರು. ಪೇಟೆಯ ಬ್ರೆಡ್ಡನ್ನು ಮಾವ ಮೂಸಿ ಬದಿಗಿಟ್ಟರು. ಯಾರು ಹೇಳಿದರೋ, ಮರುದಿನದಿಂದ ಗೋಡೆಯ ಕಂಡಿಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಎರಡು ಬ್ರೆಡ್ಡು ಇರುತ್ತಿದ್ದವು, ಬಿಸಿ ಇರುತ್ತಿದ್ದವು. ಮಾವ ಏಳಲಿಕ್ಕಾದ ಮೇಲೆ ಒಂದು ದಿನ ಕೋಲೂರಿಕೊಂಡು ಗೋಡೆಯ ಹತ್ತಿರ ಹೋದರು. ಏನು ಹೇಳಿದರೋ ನಮಗೆ ಕೇಳಲಿಲ್ಲ. ಊರಿನಲ್ಲೇ ಮೊದಲ ಸಲ ಅವರ ಗಂಟಲು ಗೋಡೆ ದಾಟಲಿಲ್ಲ. ಮೊಂತಿನ್ ಬಾಯಿ "ಇರಲಿ ಬಿಡಿ ಶೆಟ್ಟರೇ" ಎಂದದ್ದು ಮಾತ್ರ ಕೇಳಿಸಿತು. 

ಆಮೇಲೆ ಮಾವ ಹೋಟೆಲನ್ನೂ ಬೇರೆಯವರಿಗೆ ಕೊಟ್ಟುಬಿಟ್ಟರು, ಬೋರ್ಡು ನಮ್ಮ ಸೌದೆಕೊಟ್ಟಿಗೆಯ ಗೋಡೆಗೆ ಒರಗಿತು. ಸಿಟ್ಟು ಹೋಗಿತ್ತು. ಕನ್ನಡ ಮಾತ್ರ ಉಳಿದಿತ್ತು. ಇಬ್ಬರಲ್ಲಿ ಮೊದಲು ಅದನ್ನು ಬಿಡುವವರು ಯಾರು, ಬಿಟ್ಟರೆ ಇನ್ನೊಬ್ಬರು ಹಿಡಿಯುತ್ತಾರೋ ಇಲ್ಲವೋ, ಅದು ಇಬ್ಬರಿಗೂ ಗೊತ್ತಿರಲಿಲ್ಲ.

ಲಿಲ್ಲಿ ನರ್ಸಿಂಗ್ ಕಲಿತು ಬೊಂಬಾಯಿಯಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲೇ ಇದ್ದ ಮಂಗಳೂರಿನವನೊಬ್ಬನ ಜೊತೆ ಮದುವೆ ನಿಶ್ಚಯವಾಯಿತು. ಕರೆಯಲಿಕ್ಕೆ ಮೊಂತಿನ್ ಬಾಯಿ ತಾವೇ ಬಂದರು, ಕಂಡಿಯಿಂದ ಅಲ್ಲ, ರಸ್ತೆಗೆ ಸುತ್ತು ಹಾಕಿ ಎದುರಿನ ಬಾಗಿಲಿನಿಂದ. ಒಳ್ಳೆಯ ಸೀರೆ ಉಟ್ಟಿದ್ದರು. ಜಗಲಿಯ ಬೆಂಚಿನಲ್ಲಿ ಕುಳಿತು, "ನಮ್ಮ ಮಗಳ ವಿವಾಹವು ಬರುವ ಬುಧವಾರ ನೆರವೇರಲಿದೆ. ತಾವೆಲ್ಲರೂ ಬಂದು ಆಶೀರ್ವದಿಸಬೇಕು" ಎಂದರು. ಅಮ್ಮ, "ಖಂಡಿತ ಬರುತ್ತೇವೆ" ಎಂದಳು. ಇಬ್ಬರೂ ಕೈ ಮುಗಿದರು.

ಅವರು ಹೋದ ಮೇಲೆ ಅಮ್ಮ ಅಲ್ಲೇ ಕುಳಿತಿದ್ದಳು. ನನ್ನನ್ನು ಕೇಳಿದಳು, "ಮದುವೆಗೆ ಕರೆದಳು. ರೋಸಿಗೆ ಕರೆಯಲಿಲ್ಲ ಅಲ್ವಾ?"

ರೋಸ್ ಎಂದರೆ ಕ್ರಿಶ್ಚಿಯನರಲ್ಲಿ ಮದುವೆಯ ಮುಂಚಿನ ಸಂಜೆಯ ಶಾಸ್ತ್ರ. ಮದುಮಗಳನ್ನು ಮಣೆಯಲ್ಲಿ ಕೂರಿಸಿ, ಹಾಡು ಹೇಳುತ್ತಾ, ತೆಂಗಿನ ಹಾಲು ಹಚ್ಚಿ ತಲೆಗೆ ಎರೆಯುತ್ತಾರೆ. ಮದುವೆಗೆ ಊರಿಗೆ ಊರೇ ಬರುತ್ತದೆ, ರೋಸಿಗೆ ಬರುವುದು ತಮ್ಮವರು. ಹೆತ್ತವರು ಹಚ್ಚಿದ ಮೇಲೆ ಹತ್ತಿರದವರು ಒಬ್ಬೊಬ್ಬರಾಗಿ ಹಚ್ಚಬೇಕು. ಲಿಲ್ಲಿ ಸಣ್ಣವಳಿರುವಾಗಲೇ ಮೊಂತಿನ್ ಬಾಯಿ ಗೋಡೆಯ ಹತ್ತಿರ ನಿಂತು ಹೇಳುವುದಿತ್ತು, "ಇವಳ ರೋಸಿಗೆ ನನ್ನ ನಂತರದ ಹಾಲು ನಿಮ್ಮದೇ ಕಲ್ಯಾಣಕ್ಕ. ಮೊದಲ ಹಾಲೇ ನಿಮ್ಮದಲ್ವಾ." ಅಮ್ಮ ಅದನ್ನು ಮರೆತಿರಲಿಲ್ಲ. ಈಗ ಮದುವೆಗೆ ಮಾತ್ರ ಕರೆದರು. ಊರಿನವರ ಲೆಕ್ಕದಲ್ಲಿ ತನ್ನನ್ನು ಸೇರಿಸಿದರು ಎಂದು ಅವಳಿಗೆ ಖಾತ್ರಿಯಾಯಿತು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ರೋಸಿನ ಸಂಜೆ ಆಚೆ ಚಪ್ಪರದಡಿ ಜನ ಸೇರುವುದು ಕೇಳುತ್ತಿತ್ತು. ಹೆಂಗಸರು ವೊವಿಯೊ ಎತ್ತಿದರು. ಅವರ ಮದುವೆಯ ಹಾಡಿಗೆ ಹಾಗೆ ಹೇಳುತ್ತಾರೆ, ಎಳೆದು ಎಳೆದು ಹಾಡುವುದು. ಅಮ್ಮ ಹೊಸ ಸೀರೆ ಉಟ್ಟು, ಹೂ ಮುಡಿದು, ಎಲ್ಲಿಗೂ ಹೋಗದೆ ಅರೆಯುವ ಕಲ್ಲಿನ ಪಕ್ಕ ಮೆಟ್ಟಿಲಿನ ಮೇಲೆ ಕುಳಿತಿದ್ದಳು. ಸೀರೆ ಯಾಕೆ ಉಟ್ಟೆ ಎಂದು ಕೇಳಲಿಕ್ಕೆ ನನಗೆ ಧೈರ್ಯ ಬರಲಿಲ್ಲ. ಹಾಡು ನಡೆದ ಹಾಗೆ ಅವಳ ತುಟಿ ಸಣ್ಣಗೆ ಅಲುಗುತ್ತಿತ್ತು. ಆಗ ನನಗೆ ಗೊತ್ತಾಯಿತು, ಗೋಡೆಯಾಚೆಯಿಂದ ಇಷ್ಟು ವರ್ಷ ಕೇಳಿ ಕೇಳಿ ಅವಳಿಗೆ ಅದು ಬಾಯಿಗೆ ಬರುತ್ತದೆ.

ಹಾಡು ಅರ್ಧದಲ್ಲಿ ನಿಂತಿತು. ಆಚೆ ಏನೋ ಗುಸುಗುಸು. ಅದರ ನಡುವೆ ಲಿಲ್ಲಿಯ ಧ್ವನಿ, ಜಗಳದ ಧ್ವನಿಯೇ. ಮತ್ತೆ ಯಾರೋ ಹಿತ್ತಲಿಗೆ ಬರುವ ಸದ್ದು. ನೋಡಿದರೆ ಕಂಡಿಯ ಹತ್ತಿರ ಮೊಂತಿನ್ ಬಾಯಿ. ಎರಡು ಕೈಯೂ ಮೊಣಕೈ ತನಕ ತೆಂಗಿನ ಹಾಲಿನಲ್ಲಿ ಬೆಳ್ಳಗಾಗಿದ್ದವು.

ವಿಷಯ ಆಮೇಲೆ ತಿಳಿಯಿತು. ಮೊಂತಿನ್ ಬಾಯಿಯ ಲೆಕ್ಕದಲ್ಲಿ ಅವರು ಕರೆದಿದ್ದರು. ವಿವಾಹ ಎಂದಾಗ ರೋಸ್ ಬರದೇ ಇರುತ್ತದೆಯೇ? ಆ ಮೇಷ್ಟ್ರು ಕಲಿಸಿದ ಕನ್ನಡದಲ್ಲಿ ರೋಸಿಗೆ ಶಬ್ದವೇ ಇರಲಿಲ್ಲ. ಅಷ್ಟು ಮರ್ಯಾದೆಯ ಮಾತಿನ ನಡುವೆ ಒಂದು ಕೊಂಕಣಿ ಶಬ್ದ ಹಾಕುವುದು ಹೇಗೆ, ಕಲ್ಯಾಣಕ್ಕ ಹಳೆಯ ಹೆಸರಿನ ಜಗಳವನ್ನು ನೆನಪು ಮಾಡಿಕೊಂಡರೆ ಎಂದು ಹೆದರಿ ಬಿಟ್ಟಿದ್ದರು. ಈಗ ಹೆತ್ತವರು ಹಾಲು ಹಚ್ಚಿ ಆಗಿದೆ, ಮುಂದಿನ ಕೈ ಅಮ್ಮನದ್ದು, ಅಮ್ಮ ಇಲ್ಲ. ಲಿಲ್ಲಿ ತಲೆ ಬಗ್ಗಿಸುವುದಿಲ್ಲ ಎಂದು ಹಟ ಹಿಡಿದು ಕುಳಿತಿದ್ದಾಳೆ. ಬಂದೇ ಬರುತ್ತಾರೆ ಎಂದು ಕಾದು ಕಾದು, ಕೊನೆಗೆ ಬರುವುದೇ ಇಲ್ಲವೋ ಎಂದು ಮೊಂತಿನ್ ಬಾಯಿಗೆ ಎದೆ ಒಡೆದಿತ್ತು. ಆ ಗಾಬರಿಯಲ್ಲಿ ಅವರಿಗೆ ಕನ್ನಡ ಹುಡುಕಲಿಕ್ಕೆ ಸಮಯ ಸಿಗಲಿಲ್ಲ.

"ಕಲ್ಯಾಣಕ್ಕ," ಅಂದರು ತುಳುವಿನಲ್ಲಿ, "ದಾಯೆ ಈತ್ ತಡ?" ಯಾಕೆ ಇಷ್ಟು ತಡ ಎಂದು.

ಅಮ್ಮ ಎದ್ದು ನಿಂತಳು. ಅವಳ ಬಾಯಿಂದ ಬಂದದ್ದು ತುಳುವೂ ಅಲ್ಲ, ಕನ್ನಡವೂ ಅಲ್ಲ. ನಾನು ಹುಟ್ಟಿದ ಮೇಲೆ ಮೊದಲ ಸಲ, ಅವಳು ಕೊಂಕಣಿ ಮಾತಾಡಿದಳು.

"ವಾಟ್ ಚುಕ್ಲಿ, ಬಾಯೆ."

ದಾರಿ ತಪ್ಪಿತು ಎಂದರ್ಥ. ಇಬ್ಬರ ನಡುವೆ ಇದ್ದದ್ದು ಸೊಂಟದೆತ್ತರದ ಗೋಡೆ, ಅದರಲ್ಲೂ ಒಂದು ಕಲ್ಲು ಇಲ್ಲ.

ಮೊಂತಿನ್ ಬಾಯಿ ಹಾಲಿನ ಕೈ ಚಾಚಿದರು. ಅಮ್ಮ ಹೊಸ ಸೀರೆಯನ್ನು ಮೇಲೆತ್ತಿ, ನೋಯುವ ಮೊಣಕಾಲಿನಲ್ಲಿ ಆ ಕಂಡಿಯನ್ನು ದಾಟಿದಳು. ನಾನು ಹಿಂದೆಯೇ ಹೋದೆ. ಅವಳು ಲಿಲ್ಲಿಯ ನೆತ್ತಿಗೆ ಹಾಲು ಎರೆಯುವಾಗ ನಿಂತಿದ್ದ ಹಾಡನ್ನು ಹೆಂಗಸರು ಬಿಟ್ಟಲ್ಲಿಂದ ಮತ್ತೆ ಎತ್ತಿಕೊಂಡರು. ಆ ಸೀರೆಯ ಸೆರಗಿನಲ್ಲಿ ಮೊಂತಿನ್ ಬಾಯಿಯ ಹಾಲಿನ ಐದು ಬೆರಳು ಹಾಗೇ ಉಳಿದವು, ಅಮ್ಮ ಅದನ್ನು ಮತ್ತೆ ಉಡಲಿಲ್ಲ, ತೊಳೆಯಲೂ ಬಿಡಲಿಲ್ಲ.

ಆ ಮಕ್ಕಳು ಇನ್ನೊಮ್ಮೆ ಬಂದರೆ ಹೆಸರಿನ ಪ್ರಶ್ನೆಗೆ ಎಂತ ಹೇಳುವುದೋ ನನಗೆ ಈಗಲೂ ಗೊತ್ತಿಲ್ಲ. ಒಂದು ಬದಿ ಅಂಟಿಸಿ ಬಿಟ್ಟು ಒಂದೊಂದು ಮಾಡಿಕೊಡ್ತೇನೆ, ಅವರೇ ತಿಂದು ನೋಡಲಿ. ನನಗೆ ಗೊತ್ತಿರುವುದು ಇಷ್ಟೇ. ಅಮ್ಮ ಬದುಕಿದ್ದಷ್ಟು ಕಾಲ ಅವರಿಬ್ಬರ ನಡುವೆ ಒಂದು ಕನ್ನಡ ಶಬ್ದವನ್ನೂ ನಾನು ಮತ್ತೆ ಕೇಳಲಿಲ್ಲ. ಕನ್ನಡ ಕಲಿಸಿ ಅನ್ನ ಉಂಡವಳು ನಾನು, ಕನ್ನಡದಲ್ಲೇ ಇದನ್ನು ಬರೆಯುತ್ತಿದ್ದೇನೆ. ಆದರೂ ಹೇಳ್ತೇನೆ, ನನ್ನ ಬದುಕಿನಲ್ಲಿ ಅಷ್ಟು ಸಂತೋಷ ಇನ್ನೊಂದರಿಂದ ಆಗಲಿಲ್ಲ.